ಐವತ್ತಕ್ಕೊಂದು ಹಿಮದ ಪಾಠ: ಕಾಸರಗೋಡಿನಿಂದ ಸ್ಕೀ ಪ್ರವಾಸ ಹೊರಡುವುದು ಹೇಗೆ?

ನಮ್ಮ ಕಡೆ ಐವತ್ತು ತುಂಬಿದರೆ ಮನೆಯಲ್ಲಿ ಒಂದು ಶಾಂತಿ, ನೆಂಟರಿಗೆ ಊಟ, ಒಂದಿಷ್ಟು ಫೋಟೊ. ಅರವತ್ತಾದರೆ ಷಷ್ಟ್ಯಬ್ದಿಯ ಗಡಿಬಿಡಿ. ಅದೆಲ್ಲ ಇರಲಿ, ಬೇಕು. ಅದರ ಜೊತೆಗೆ ಹಿಮ ನೋಡದ ಅಪ್ಪನನ್ನೋ ಅಮ್ಮನನ್ನೋ ಅಕ್ಕನನ್ನೋ ಕರೆದುಕೊಂಡು ಹೋಗಿ, ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಕಲಿಸಿದರೆ ಹೇಗೆ? ನನಗೆ ಈ ಯೋಚನೆ ತುಂಬ ಇಷ್ಟ. ಐವತ್ತರಲ್ಲಿ ಒಬ್ಬರು ಮತ್ತೆ ವಿದ್ಯಾರ್ಥಿಯಾಗುವುದಕ್ಕಿಂತ ಒಳ್ಳೆಯ ಉಡುಗೊರೆ ಯಾವುದಿದೆ?

ಆದ್ದರಿಂದ ಮೊದಲೇ ಒಂದು ತೀರ್ಮಾನ ಮಾಡಿಕೊಳ್ಳಿ. ಇದು ಕಲಿಯುವ ಪ್ರವಾಸ. ಆರು ದಿನದಲ್ಲಿ ಐದು ಊರು ಸುತ್ತುವ ಪ್ಯಾಕೇಜಿನೊಳಗೆ ಒಂದು ಗಂಟೆ ಸ್ಕೀ ತುರುಕಿದರೆ ಬೂಟು ಹಾಕಿ ತೆಗೆಯುವಷ್ಟರಲ್ಲಿ ಸಮಯ ಮುಗಿಯುತ್ತದೆ. ಒಂದೇ ಜಾಗ, ಕನಿಷ್ಠ ಮೂರು ದಿನ ಪಾಠ. ಉಳಿದ ಲೆಕ್ಕವೆಲ್ಲ ಇದರ ಮೇಲೆ ನಿಲ್ಲುತ್ತದೆ.

ಮೊದಲು ಅವರನ್ನೇ ಕೇಳಿ

ಸರ್‌ಪ್ರೈಸ್ ಬೇಡ. ಕೇಕು, ಸೀರೆ ಸರ್‌ಪ್ರೈಸ್ ಆಗಿರಬಹುದು. ಮೊಣಕಾಲಿಗೆ ಕೆಲಸ ಕೊಡುವ ಪ್ರವಾಸ ಹಾಗಾಗಬಾರದು. ಹೋಗಬೇಕಾದವರ ಜೊತೆ ಕೂತು ಮಾತಾಡಿ. ಮೊಣಕಾಲು ನೋವು, ಬಿಪಿ, ಹೃದಯದ ತೊಂದರೆ, ಉಬ್ಬಸ ಇದ್ದರೆ ಟಿಕೆಟ್ ತೆಗೆಯುವ ಮೊದಲೇ ಡಾಕ್ಟರನ್ನು ಕಾಣಿ. ನನ್ನ ಆಯ್ಕೆ ಕಾಶ್ಮೀರದ ಗುಲ್ಮಾರ್ಗ, ಕಾರಣ ಮುಂದೆ ಹೇಳುತ್ತೇನೆ. ಅಲ್ಲಿನ ಸುಮಾರು 2,600 ಮೀಟರ್ ಎತ್ತರದಲ್ಲಿ, ಕೊರೆಯುವ ಚಳಿಯಲ್ಲಿ ಮೈ ದಣಿಸಬಹುದೇ ಎಂದು ನೇರವಾಗಿ ಕೇಳಿ. ನಾವು ಸಮುದ್ರದ ಬದಿಯವರು, ಬೇಕಲದ ಗಾಳಿಗೆ ಒಗ್ಗಿದ ಶ್ವಾಸಕೋಶ ನಮ್ಮದು. ಈ ಪ್ರಶ್ನೆ ಸುಮ್ನೆ ಔಪಚಾರಿಕವಲ್ಲ.

ತಾರೀಖು ಹಿಮ ನೋಡಿ ನಿಶ್ಚಯಿಸಿ

ಹುಟ್ಟಿದ ನಕ್ಷತ್ರ ಮೇ ತಿಂಗಳಲ್ಲಿ ಬಂದರೂ ಪ್ರವಾಸ ಫೆಬ್ರವರಿಗೇ ಇರಲಿ. ಶಾಂತಿ, ಊಟ ಆ ದಿನವೇ ಮನೆಯಲ್ಲಿ ನಡೆಯಲಿ.

ಕಾಶ್ಮೀರದಲ್ಲಿ ಚಳಿಗಾಲವನ್ನು ಮೂರು ಭಾಗ ಮಾಡುತ್ತಾರೆ. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್, ಇದು ಅತಿ ಕಠಿಣ ಚಳಿ. ಅನಂತರ ಇಪ್ಪತ್ತು ದಿನ ಚಿಲ್ಲೈ ಖುರ್ದ್. ಕೊನೆಗೆ ಹತ್ತು ದಿನ ಚಿಲ್ಲೈ ಬಚ್ಚಾ. ಹೊಸಬರಿಗೆ ನನ್ನ ಆಯ್ಕೆ ಖುರ್ದ್ ಮತ್ತು ಬಚ್ಚಾ ದಿನಗಳು, ಅಂದರೆ ಫೆಬ್ರವರಿ. ಹಿಮ ಸಾಮಾನ್ಯವಾಗಿ ಚೆನ್ನಾಗಿ ಕೂತಿರುತ್ತದೆ, ಚಳಿಯ ಕಡಿತ ಸ್ವಲ್ಪ ಇಳಿದಿರುತ್ತದೆ.

ಕ್ರಿಸ್‌ಮಸ್ ರಜೆಗೆ ಹೋಗೋಣ ಎಂದು ಮಕ್ಕಳಿರುವ ಮನೆಯವರಿಗೆ ಅನಿಸುವುದು ಸಹಜ. ಆಗ ಜನಜಂಗುಳಿ ಜಾಸ್ತಿ, ಹಿಮದ ಭರವಸೆ ಕಡಿಮೆ. 2024ರ ಜನವರಿಯಲ್ಲಿ ಗುಲ್ಮಾರ್ಗದ ಇಳಿಜಾರುಗಳು ವಾರಗಟ್ಟಲೆ ಬರಿದಾಗಿದ್ದವು. ಫೆಬ್ರವರಿಗೂ ಖಾತ್ರಿಯಿಲ್ಲ. 2025ರಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮ ಸಾಲದೆ ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೂಡಿದ್ದರು. ಹಾಗಾಗಿ ಹೋಟೆಲ್, ವಿಮಾನ ಎರಡರಲ್ಲೂ ದಿನ ಬದಲಿಸಲು ಬರುವಂಥದ್ದನ್ನೇ ಆರಿಸಿ. ಸ್ವಲ್ಪ ಹೆಚ್ಚು ದುಡ್ಡು ಹೋದರೂ ಪರವಾಗಿಲ್ಲ.

ನಮ್ಮಲ್ಲಿ ಇನ್ನೂ ಒಂದು ತೊಡಕಿದೆ. ಆ ಹೊತ್ತಿಗೆ ಅಡಿಕೆ ಕೊಯ್ಲು, ಸುಲಿಯುವ ಕೆಲಸ ಮುಗಿದಿರುವುದಿಲ್ಲ. ಮಾರ್ಚ್‌ನಲ್ಲಿ ಹತ್ತನೇ ಕ್ಲಾಸಿನ ಪರೀಕ್ಷೆ. ಒಣಗಲು ಹಾಕಿದ ಅಡಿಕೆ ನೋಡಿಕೊಳ್ಳಲು, ಹಟ್ಟಿಯ ದನಗಳಿಗೆ ಒಬ್ಬರನ್ನು ಗೊತ್ತು ಮಾಡದೆ ಹೊರಟರೆ ಅಲ್ಲಿ ಹೋಗಿಯೂ ಮನಸ್ಸು ತೋಟದಲ್ಲೇ. ನವೆಂಬರ್‌ನಲ್ಲೇ ಈ ಏರ್ಪಾಡು ಮಾಡಿಕೊಳ್ಳಿ.

ಎಲ್ಲಿಗೆ ಹೋಗುವುದು?

ದೇಶದೊಳಗೆ ಮುಖ್ಯವಾಗಿ ಮೂರು ಜಾಗ ನೋಡಬಹುದು. ಹಿಮಾಚಲದ ಸೋಲಂಗ್ ಮನಾಲಿಗೆ ಹತ್ತಿರ, ಹಿಮ ಮುಟ್ಟಿ ಆಡಲು ಚೆಂದ. ಆದರೆ ಗಟ್ಟಿಯಾಗಿ ಕಲಿಯಲು ಇಳಿಜಾರು ಚಿಕ್ಕದು, ಗದ್ದಲ ದೊಡ್ಡದು. ಉತ್ತರಾಖಂಡದ ಔಲಿ ಸುಂದರ, ನಂದಾದೇವಿ ಎದುರಿಗೇ ಕಾಣುತ್ತದೆ. 2011ರಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ನಡೆದ ಜಾಗ ಅದು. ಆದರೆ ಋಷಿಕೇಶದಿಂದ ಅದರ ಬುಡದ ಜೋಶಿಮಠಕ್ಕೆ ಇಡೀ ದಿನದ ಬೆಟ್ಟದ ರಸ್ತೆ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದಾಗ ಅಲ್ಲಿಂದ ಮೇಲಕ್ಕೆ ಹೋಗುವ ರೋಪ್‌ವೇ ಕೂಡ ನಿಂತಿತು.

ಮೊದಲ ಸಲಕ್ಕೆ ನಾನು ಗುಲ್ಮಾರ್ಗ ಎನ್ನುತ್ತೇನೆ. ಶ್ರೀನಗರದಿಂದ ಸುಮಾರು 50 ಕಿಲೋಮೀಟರ್. ಕೆಳಗೆ ಹೊಸಬರಿಗೆ ಹದವಾದ ಇಳಿಜಾರು, ಮೇಲಕ್ಕೆ ಹೋಗಲು ಗೊಂಡೋಲಾ ಎಂಬ ಕೇಬಲ್ ಕಾರು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯೂ ಅಲ್ಲೇ ಇದೆ, ಅಲ್ಲಿ ಕೋರ್ಸ್‌ಗಳು ನಡೆಯುತ್ತವೆ. ಸೇರುವುದಾದರೆ ವಯಸ್ಸಿನ ಮಿತಿ, ವೈದ್ಯಕೀಯ ಪ್ರಮಾಣಪತ್ರ ಏನು ಎಂದು ಮೊದಲೇ ಕೇಳಿಕೊಳ್ಳಿ. ಐವತ್ತರ ಆಸುಪಾಸಿನವರಿಗೆ ಮಾತ್ರ ಒಬ್ಬರಿಗೊಬ್ಬ ತರಬೇತುದಾರನೇ ಹಿತ. ಗುಂಪಿನ ವೇಗಕ್ಕೆ ಓಡಬೇಕಾಗಿಲ್ಲ, ನಾಚಿಕೆಯೂ ಇಲ್ಲ.

ಭದ್ರತೆಯ ಮಾತು ಮುಚ್ಚಿಡಬಾರದು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ಪ್ರವಾಸಿಗರ ಮೇಲೆ ದಾಳಿಯಾದ ಮೇಲೆ ಕಾಶ್ಮೀರದ ಹಲವು ತಾಣಗಳನ್ನು ಕೆಲವು ಕಾಲ ಮುಚ್ಚಿದ್ದರು. ಹೊರಡುವ ತಿಂಗಳಲ್ಲಿ, ಮತ್ತೆ ಹೊರಡುವ ವಾರದಲ್ಲಿ ಸರಕಾರದ ಸೂಚನೆ ನೋಡಿ. ಮನೆಯ ಹಿರಿಯರಿಗೆ ಭಯವಿದ್ದರೆ ಒತ್ತಾಯ ಮಾಡಬೇಡಿ.

ಕಾಸರಗೋಡಿನಿಂದ ದಾರಿ

ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ವಿಮಾನ ಹತ್ತಿ, ನಡುವೆ ಬದಲಿಸಿ ಶ್ರೀನಗರ ಸೇರುವುದು ಸುಲಭದ ದಾರಿ. ರೈಲು ಇಷ್ಟವಿದ್ದು ಬಿಡುವೂ ಇದ್ದರೆ, ಮಂಗಳೂರಿನಿಂದ ನಮ್ಮ ಕಾಸರಗೋಡಿನ ಮೇಲಾಗಿ ವೈಷ್ಣೋದೇವಿ ಕತ್ರಾಕ್ಕೆ ಹೋಗುವ ನವಯುಗ ಎಕ್ಸ್‌ಪ್ರೆಸ್ ಇದೆ, ವಾರಕ್ಕೊಮ್ಮೆ. ಮೂರು ದಿನದ ಹತ್ತಿರದ ಪಯಣ. ಕತ್ರಾದಿಂದ ಶ್ರೀನಗರಕ್ಕೆ 2025ರ ಜೂನ್‌ನಲ್ಲಿ ವಂದೇ ಭಾರತ್ ಶುರುವಾಗಿದೆ. ಚೆನಾಬ್ ನದಿಯಿಂದ 359 ಮೀಟರ್ ಎತ್ತರದ ಸೇತುವೆ ದಾಟುವ ಆ ದಾರಿಯೇ ಒಂದು ಪ್ರವಾಸ. ಹೋಗುವಾಗ ರೈಲು, ಬರುವಾಗ ವಿಮಾನ ಅಂತ ಮಾಡಿದರೆ ಎರಡೂ ಸಿಗುತ್ತದೆ.

ಮೊದಲ ರಾತ್ರಿ ಶ್ರೀನಗರದಲ್ಲೇ ಉಳಿಯಿರಿ. ಅಲ್ಲಿನ ಎತ್ತರ ಸುಮಾರು 1,600 ಮೀಟರ್, ಮೈ ಹೊಂದಿಕೊಳ್ಳಲು ಒಳ್ಳೆಯ ಮೆಟ್ಟಿಲು. ಹಿಮ ಜೋರಾಗಿ ಬಿದ್ದಾಗ ಗುಲ್ಮಾರ್ಗದ ಬುಡದ ಊರಾದ ತಂಗ್‌ಮಾರ್ಗ್‌ನಿಂದ ಮೇಲಕ್ಕೆ ಸಾಮಾನ್ಯ ಕಾರು ಬಿಡುವುದಿಲ್ಲ. ಚಕ್ರಕ್ಕೆ ಸರಪಳಿ ಹಾಕಿದ ಗಾಡಿ ಅಥವಾ ಫೋರ್ ವೀಲ್ ಡ್ರೈವ್ ಬೇಕು. ಹೋಟೆಲಿನವರಿಗೆ ಹೇಳಿಟ್ಟರೆ ಕಳಿಸುತ್ತಾರೆ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ. ಗುಂಪಿನಲ್ಲಿ ಇಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ. ಕೈಯಲ್ಲಿ ನಗದೂ ಇರಲಿ.

ಎರಡು ತಿಂಗಳ ಮೊದಲು ಕಾಲಿಗೆ ಕೆಲಸ

ಸ್ಕೀ ಮಾಡುವಾಗ ಮೊಣಕಾಲು ಮಡಚಿ, ಭಾರವನ್ನು ತೊಡೆಯ ಮೇಲೆ ಹಿಡಿದು ಇಳಿಯಬೇಕು. ಅದಕ್ಕೆ ಬೇಕಾದ ಬಲ ಗುಡ್ಡೆ ಇಳಿಯುವಾಗ ಬರುತ್ತದೆ. ಪೊಸಡಿ ಗುಂಪೆಗೋ ರಾಣಿಪುರಕ್ಕೋ ವಾರಕ್ಕೊಮ್ಮೆ ಹೋಗಿ. ಹತ್ತುವಾಗ ಆತುರ ಬೇಡ, ಇಳಿಯುವಾಗ ನಿಧಾನವಾಗಿ, ಮೊಣಕಾಲು ಸ್ವಲ್ಪ ಮಡಚಿಯೇ ಇಳಿಯಿರಿ. ಉಳಿದ ದಿನ ಮನೆಯಲ್ಲಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಬೆನ್ನು ಕೊಟ್ಟು ಅರೆಕೂತ ಭಂಗಿಯಲ್ಲಿ ನಿಲ್ಲುವುದು, ಒಂಟಿ ಕಾಲಲ್ಲಿ ನಿಲ್ಲುವುದು. ಇಷ್ಟು ಸಾಕು. ಮೇಲೆ ಹತ್ತಿ ಕೆಳಗೆ ಇಳಿಯುವ ತೋಟದ ಕೆಲಸ ಮಾಡಿದವರಿಗೆ ಅರ್ಧ ತಯಾರಿ ಆಗಿಯೇ ಇರುತ್ತದೆ.

ಬಟ್ಟೆ: ಹತ್ತಿ ಬೇಡ

ಇಲ್ಲಿ ಹತ್ತಿಯಷ್ಟು ಹಿತವಾದ ಬಟ್ಟೆ ಬೇರೆ ಇಲ್ಲ. ಅಲ್ಲಿ ಅದೇ ತೊಂದರೆ. ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಮೈ ತಣ್ಣಗಾಗುತ್ತದೆ. ಒಳಗೆ ಉಣ್ಣೆಯ ಅಥವಾ ಸಿಂಥೆಟಿಕ್ ಥರ್ಮಲ್, ಅದರ ಮೇಲೆ ಮೆತ್ತನೆಯ ಫ್ಲೀಸ್ ಸ್ವೆಟರ್, ಹೊರಗೆ ನೀರು ನುಗ್ಗದ ಜಾಕೆಟ್ ಮತ್ತು ಪ್ಯಾಂಟ್. ಕೊನೆಯ ಎರಡು ಬಾಡಿಗೆಗೆ ಸಿಗುತ್ತವೆ. ಥರ್ಮಲ್, ಕೈಗವಸು, ಕಾಲುಚೀಲ ನಿಮ್ಮದೇ ಇರಲಿ. ಬೂಟಿನೊಳಗೆ ಒಂದೇ ತೆಳು ಉಣ್ಣೆಯ ಕಾಲುಚೀಲ ಹಾಕಿ. ಎರಡು ಹಾಕಿದರೆ ಬೆಚ್ಚಗಾಗುವ ಬದಲು ರಕ್ತ ಓಡಾಟ ಕಟ್ಟಿ ಬೆರಳು ಮರಗಟ್ಟುತ್ತದೆ.

ಕಪ್ಪು ಕನ್ನಡಕ ಅಥವಾ ಗಾಗಲ್ಸ್ ಬಿಡಲೇಬೇಡಿ. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣವನ್ನು ಶೇಕಡ 80ರವರೆಗೆ ತಿರುಗಿ ಮುಖಕ್ಕೆ ಎಸೆಯುತ್ತದೆ. ಸನ್‌ಸ್ಕ್ರೀನ್ ಗದ್ದದ ಅಡಿಗೂ ಹಚ್ಚಿ. ತೆಂಗಿನೆಣ್ಣೆ ಒಯ್ಯುವ ಅಮ್ಮಂದಿರಿಗೆ ಒಂದು ಸೂಚನೆ: ಅದು ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತದೆ, ಅಲ್ಲಿ ಬಾಟಲಿಯಿಂದ ಹೊರಗೆ ಬಾರದು. ಅಗಲ ಬಾಯಿಯ ಡಬ್ಬಿಯಲ್ಲಿ ಹಾಕಿಕೊಳ್ಳಿ.

ಬೂಟು, ಬೈಂಡಿಂಗ್, ಮೊದಲ ಪಾಠ

ಮೊದಲ ದಿನದ ಬೆಳಗ್ಗೆ ಬಾಡಿಗೆ ಅಂಗಡಿಯಲ್ಲಿ ಆತುರಪಡಬೇಡಿ. ಇಡೀ ಪ್ರವಾಸದ ಸುಖ ಈ ಅರ್ಧ ಗಂಟೆಯಲ್ಲಿದೆ. ಬೂಟು ಹಾಕಿ ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ಮೆಲ್ಲಗೆ ತಾಗಬೇಕು. ಮೊಣಕಾಲು ಮಡಚಿದಾಗ ಬೆರಳು ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಹಿಡಿದು ಕಟ್ಟಿದ ಹಾಗಿರುತ್ತದೆ, ಅದು ಸರಿ. ನೋವಾದರೆ ಬದಲಿಸಿ. ಸ್ಕೀಯ ಉದ್ದ ಹೊಸಬರಿಗೆ ಗದ್ದದ ಹತ್ತಿರ ಬಂದರೆ ಸಾಕು.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬಿದ್ದಾಗ ತಾನಾಗಿ ಬಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಸ್ಕೀ ತಿರುಗುವಾಗ ಮೊಣಕಾಲೂ ತಿರುಚಿಕೊಳ್ಳುತ್ತದೆ. ಎಷ್ಟು ಬಿಗಿ ಇಡಬೇಕೆಂಬುದಕ್ಕೆ ಒಂದು ಪಟ್ಟಿ ಇದೆ. ತೂಕ, ಎತ್ತರ, ಬೂಟಿನ ಅಡಿಯ ಉದ್ದ, ಕಲಿಕೆಯ ಹಂತ, ಮತ್ತೆ ವಯಸ್ಸು. ಐವತ್ತು ತುಂಬಿದವರಿಗೆ ಅದನ್ನು ಒಂದು ಮೆಟ್ಟಿಲು ಸಡಿಲ ಮಾಡುತ್ತಾರೆ. ಅಂಗಡಿಯವನು ಕೇಳದಿದ್ದರೂ ನೀವೇ ವಯಸ್ಸು ಹೇಳಿ. ಹೆಲ್ಮೆಟ್ ಕೇಳಿ ಪಡೆಯಿರಿ.

ಸ್ಕೀಯೋ, ಸ್ನೋಬೋರ್ಡೋ? ಬೋರ್ಡ್‌ನಲ್ಲಿ ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರುತ್ತದೆ. ಮೊದಲೆರಡು ದಿನ ಬೀಳುವುದೇ ಜಾಸ್ತಿ. ಅದೂ ಮಣಿಕಟ್ಟಿನ ಮೇಲೆ, ಬಾಲಮೂಳೆಯ ಮೇಲೆ. ಜೊತೆಗೆ ಬಂದ ಮಕ್ಕಳು ಬೋರ್ಡ್ ಕಲಿಯಲಿ, ಮಣಿಕಟ್ಟಿಗೆ ಗಾರ್ಡ್ ಕಟ್ಟಿಕೊಳ್ಳಲಿ. ಹುಟ್ಟುಹಬ್ಬದವರಿಗೆ ಸ್ಕೀ ಇರಲಿ.

ಮೊದಲ ಪಾಠ ಬೀಳುವುದು ಮತ್ತು ಏಳುವುದು. ಪಕ್ಕಕ್ಕೆ ಬೀಳಿ, ಹಿಂದಕ್ಕಲ್ಲ. ಏಳುವಾಗ ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಇಟ್ಟುಕೊಳ್ಳಿ. ಎರಡನೆಯದು ಸ್ನೋಪ್ಲೋ. ಸ್ಕೀಗಳ ಮುಂತುದಿ ಹತ್ತಿರ, ಹಿಂತುದಿ ದೂರ, ಹಿಮ್ಮಡಿಯಿಂದ ಹೊರಕ್ಕೆ ಒತ್ತು. ವೇಗ ಇಳಿಯುತ್ತದೆ, ನಿಲ್ಲುತ್ತೀರಿ. ಹೆದರಿಕೆಯಾದಾಗ ಎಲ್ಲರೂ ಹಿಂದಕ್ಕೆ ವಾಲುತ್ತಾರೆ, ಅಲ್ವಾ? ಹಾಗೆ ವಾಲಿದರೆ ಸ್ಕೀ ನಿಮ್ಮ ಮಾತು ಕೇಳುವುದಿಲ್ಲ. ಮೊಣಕಾಲಿನ ಕೆಳಗೆ ಕಾಲಿನ ಮುಂಬದಿ ಬೂಟಿನ ಮುಂಭಾಗಕ್ಕೆ ಒತ್ತಿಕೊಂಡೇ ಇರಲಿ, ಕಣ್ಣು ದೂರಕ್ಕಿರಲಿ. ಮೂರನೇ ದಿನಕ್ಕೆ ಒಂದು ತಿರುವು ತಿರುಗಿ ನಿಲ್ಲಲು ಬಂದರೆ ಅದೇ ದೊಡ್ಡ ಗಳಿಕೆ. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಬೇಡ. ದಣಿದ ಕಾಲಿಗೆ ಪೆಟ್ಟು ಬೇಗ.

ಗೊಂಡೋಲಾ ಮತ್ತು ಗೆರೆ ದಾಟದಿರುವುದು

ಗೊಂಡೋಲಾ ಎರಡು ಹಂತ. ಮೊದಲನೆಯದು ನಡುವಿನ ನಿಲ್ದಾಣವಾದ ಕೊಂಗ್ಡೂರಿಗೆ, ಎರಡನೆಯದು ಸುಮಾರು 3,950 ಮೀಟರ್ ಎತ್ತರದ ಅಫರ್ವಾತ್ ಬೆಟ್ಟಕ್ಕೆ. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆಯಿರಿ. ಗಾಳಿ ಜೋರಿದ್ದರೆ ಮೇಲಿನ ಹಂತ ನಿಲ್ಲಿಸುತ್ತಾರೆ. ಎರಡನೇ ಹಂತಕ್ಕೆ ಬಂದ ದಿನವೇ ಹೋಗಬೇಡಿ. ತಲೆನೋವು, ವಾಂತಿ ಬಂದ ಹಾಗಾದರೆ ತಡಮಾಡದೆ ಕೆಳಗಿಳಿಯಿರಿ. ಸ್ಕೀ ಮಾಡದ ಹಿರಿಯರಿಗೆ ಮೊದಲ ಹಂತವೇ ಸಾಕಷ್ಟು ಖುಷಿ ಕೊಡುತ್ತದೆ.

ಅಫರ್ವಾತ್‌ನ ಇಳಿಜಾರುಗಳು ಪಳಗಿದವರಿಗೆ. 2023 ಮತ್ತು 2024ರ ಫೆಬ್ರವರಿಯಲ್ಲಿ ಗುಲ್ಮಾರ್ಗದ ಮೇಲಿನ ಇಳಿಜಾರುಗಳಲ್ಲಿ ಹಿಮಕುಸಿತಕ್ಕೆ ಸಿಕ್ಕಿ ವಿದೇಶಿ ಸ್ಕೀಯರ್‌ಗಳು ತೀರಿಕೊಂಡರು. ಅವರೆಲ್ಲ ಕಲಿಯಲು ಬಂದವರಾಗಿರಲಿಲ್ಲ. ಹುಮ್ಮಸ್ಸಿನ ಹುಡುಗರಿಗೆ ಮೊದಲೇ ಹೇಳಿಡಿ: ಗುರುತು ಹಾಕಿದ ಜಾಗ ಬಿಟ್ಟು ಒಂದು ಹೆಜ್ಜೆಯೂ ಬೇಡ. ವಿಮೆ ತೆಗೆಯುವಾಗ ಸ್ಕೀಯಿಂಗ್ ಸೇರಿದೆಯೇ ಎಂದು ಓದಿ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಸಾಹಸ ಕ್ರೀಡೆ ಸೇರಿರುವುದಿಲ್ಲ.

ಹಬ್ಬದ ದಿನ

ಆಚರಣೆಯನ್ನು ಪಾಠದ ಕೊನೆಯ ದಿನಕ್ಕೆ ಇಡಿ. ಬೆಳಗ್ಗೆ ಮನೆಯವರೆಲ್ಲ ಇಳಿಜಾರಿನ ಬುಡದಲ್ಲಿ ನಿಂತಿರಲಿ. ಹುಟ್ಟುಹಬ್ಬದವರು ಮೇಲಿನಿಂದ ಇಳಿದು ಬಂದು ಅಲ್ಲೇ ನಿಲ್ಲಲಿ. ಒಬ್ಬರು ವಿಡಿಯೊ ಮಾಡಿದರೆ ಸಾಕು, ಉಳಿದವರು ಕಣ್ಣಲ್ಲಿ ನೋಡಲಿ. ಫೋನಿನ ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿ ಇಟ್ಟುಕೊಳ್ಳಿ. ಸಂಜೆಗೆ ಪಾಯಸ ಮಾಡಿ. ಬೆಲ್ಲ, ಶಾವಿಗೆ, ತೆಂಗಿನಹಾಲಿನ ಪುಡಿ ಮನೆಯಿಂದ ಒಯ್ಯಿರಿ, ಹೋಟೆಲಿನ ಅಡುಗೆಮನೆಯವರನ್ನು ಮೊದಲೇ ಕೇಳಿಕೊಳ್ಳಿ. ಕಲಿಸಿದ ತರಬೇತುದಾರನನ್ನೂ ಆ ಊಟಕ್ಕೆ ಕರೆಯಿರಿ.

ಮರಳುವ ವಿಮಾನಕ್ಕೂ ಕೊನೆಯ ಪಾಠಕ್ಕೂ ನಡುವೆ ಒಂದು ದಿನ ಖಾಲಿ ಬಿಡಿ. ಹಿಮಕ್ಕೆ, ಮಂಜಿಗೆ ಶ್ರೀನಗರದ ವಿಮಾನಗಳು ರದ್ದಾಗುವುದುಂಟು. ಗುಲ್ಮಾರ್ಗ ಬಿಡುವ ಹಿಂದಿನ ಸಂಜೆಯೇ ಬಾಡಿಗೆ ಸಾಮಾನು ಹಿಂದಿರುಗಿಸಿ, ಕೊಟ್ಟ ಠೇವಣಿ ಕೇಳಿ ಪಡೆಯಿರಿ. ಬೆಳಗ್ಗೆ ಅಂಗಡಿ ತೆರೆಯುವುದು ತಡ.