ಹಳ್ಳಿ ಲೈಬ್ರರಿ: ಬೀರುವಿನ ಬೀಗ ತೆಗೆದ ಮೇಲೆ

ತಿಪಟೂರು ಸೀಮೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ನಾನು ಮೇಲ್ವಿಚಾರಕಿ. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತ ಬರೆದಿದೆ. ಊರವರ ಬಾಯಲ್ಲಿ ಮಾತ್ರ ಅದು ಲೈಬ್ರರಿಯೇ, ನಾನು ಲೈಬ್ರರಿ ಅಕ್ಕ. ಮೊಬೈಲ್ ಬಂತು, ಇನ್ನು ಲೈಬ್ರರಿ ಕಾಲ ಮುಗೀತು ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಮೊಬೈಲ್ ಬರುವ ಮುಂಚೆಯೂ ನಮ್ಮಲ್ಲಿ ಪುಸ್ತಕ ಮುಟ್ಟುವವರು ಅಷ್ಟಕ್ಕಷ್ಟೇ ಇದ್ದರು, ಅದನ್ನು ಯಾರೂ ಹೇಳುವುದಿಲ್ಲ.

ಆಗ ಬರುತ್ತಿದ್ದವರು ಗಂಡಸರು, ಅದೂ ಪೇಪರಿಗೆ. ಕೊಬ್ಬರಿ ಹರಾಜಿನ ಮಾರನೇ ದಿನವಂತೂ ರೇಟು ನೋಡಲು ಪೈಪೋಟಿ. ಒಬ್ಬರು ಓದಿ ಮುಗಿಸುವ ತನಕ ಇನ್ನೊಬ್ಬರು ಹಿಂದೆ ನಿಂತು ಬಗ್ಗಿ ಓದುತ್ತಿದ್ದರು. ಪುಸ್ತಕಗಳೆಲ್ಲ ಕಬ್ಬಿಣದ ಬೀರುಗಳ ಒಳಗೆ, ಬೀಗ ಹಾಕಿಕೊಂಡು ಕೂತಿದ್ದವು. ಬೀಗಕ್ಕೆ ಕಾರಣವೂ ಇತ್ತು. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದವರು ಮೇಲ್ವಿಚಾರಕರು. ಸಿಗುವ ಗೌರವಧನಕ್ಕೆ ಆ ತಲೆನೋವು ಯಾಕೆ ಅಂತ ಎಲ್ಲರೂ ಬೀಗ ಹಾಕಿಯೇ ಇಡುತ್ತಿದ್ದರು.

ಗಣಿತದ ಮೇಷ್ಟ್ರಾಗಿದ್ದ ಎಸ್.ಆರ್. ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಅವರು ಗ್ರಂಥಾಲಯ ಹೇಗಿರಬೇಕು ಅನ್ನುವುದಕ್ಕೆ ಐದು ಸೂತ್ರಗಳನ್ನು ಕೊಟ್ಟರು. ಮೊದಲನೆಯದು: ಪುಸ್ತಕ ಇರುವುದು ಬಳಸುವುದಕ್ಕೆ. ಕೊನೆಗಾಲ ಅವರು ಬೆಂಗಳೂರಲ್ಲೇ ಇದ್ದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಅವರ ಹುಟ್ಟುಹಬ್ಬ ಅಂತ ಆಗಸ್ಟ್ 12ಕ್ಕೆ ಫೋಟೋಗೆ ಹಾರ ಹಾಕುತ್ತೇವೆ. ಹಾರ ಹಾಕಿ, ಬೀರುವಿಗೆ ಬೀಗವನ್ನೂ ಹಾಕುತ್ತೇವೆ!

ನಾನು ಬೀಗ ತೆಗೆದೆ. ಅಷ್ಟೇ ಅಲ್ಲ, ಎರಡು ಬೀರುಗಳ ಬಾಗಿಲನ್ನೇ ಬಿಚ್ಚಿಸಿ ಗೋಡೆಗೆ ಒರಗಿಸಿದೆ. ಮೂರನೆಯದಕ್ಕೆ ಮಾತ್ರ ಬಾಗಿಲು ಉಳಿಸಿಕೊಂಡೆ. ದಪ್ಪ ನಿಘಂಟು, ವಿಶ್ವಕೋಶ, ಹಳೇ ಗೆಜೆಟಿಯರ್ ಅದರಲ್ಲಿವೆ.

ಆಮೇಲಿನ ತೊಡಕು ನಂಬರಿನದು. ನಮ್ಮ ಪುಸ್ತಕಗಳ ಬೆನ್ನ ಮೇಲೆ ಡ್ಯೂಯಿ ದಶಮಾಂಶದ ಸಂಖ್ಯೆ, ಅಂದರೆ ಪುಸ್ತಕ ಯಾವ ವಿಷಯದ್ದು ಅಂತ ಹೇಳುವ ನಂಬರು ಇರುತ್ತದೆ. 894.814 ಅಂದರೆ ಕನ್ನಡ ಸಾಹಿತ್ಯ. ಕೊನೆಗೆ 1 ಸೇರಿದರೆ ಕವಿತೆ, 2 ನಾಟಕ, 3 ಕಥೆ-ಕಾದಂಬರಿ. ನನಗೆ ಇದು ಇಷ್ಟ, ಲೆಕ್ಕ ಅಚ್ಚುಕಟ್ಟು. ಆದರೆ ಮೂರನೇ ಕ್ಲಾಸಿನ ಹುಡುಗಿಗೆ 894.8143 ಅಂದರೆ ಏನು ಗೊತ್ತಾಗುತ್ತೆ? ಹಾಗಾಗಿ ನಂಬರಿನ ಮೇಲೆ ಒಂದು ಬಣ್ಣದ ಚೀಟಿ ಅಂಟಿಸಿದೆ. ಚಿಕ್ಕ ಮಕ್ಕಳದ್ದು ಹಳದಿ, ಕಥೆ-ಕಾದಂಬರಿ ಕೆಂಪು, ವಿಜ್ಞಾನ ನೀಲಿ, ಬೇಸಾಯ ಹಸಿರು. ನಂಬರ್ ನನಗೆ, ಬಣ್ಣ ಅವರಿಗೆ. ಓದಿದ ಪುಸ್ತಕ ಎಲ್ಲಿಂದ ತೆಗೆದರೋ ಅಲ್ಲೇ ಇಡುವ ಕೆಲಸ ಈಗ ಮಕ್ಕಳೇ ಮಾಡುತ್ತಾರೆ. ಕೆಂಪಿನ ನಡುವೆ ಹಸಿರು ಕಂಡರೆ ‘ಯಾರೋ ಇದು ಇಟ್ಟಿದ್ದು?’ ಅಂತ ಅವರವರಲ್ಲೇ ವಿಚಾರಣೆ.

ಪುಸ್ತಕ ಕಳೆಯಲಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಕೆಲವು ಕಳೆದವು. ಹರಿದದ್ದು ಅದಕ್ಕಿಂತ ಜಾಸ್ತಿ. ಹರಿದ ಪುಸ್ತಕ ಕಂಡರೆ ನನಗೆ ಬೇಜಾರಿಲ್ಲ, ಯಾರೋ ಓದಿದ್ದಾರೆ ಅಂತ ಅರ್ಥ ಅಲ್ವಾ? ರಿಪೇರಿ ಕಲಿತೆ. ಸೆಲ್ಲೋಟೇಪ್ ಮಾತ್ರ ಹಚ್ಚಬೇಡಿ. ವರ್ಷ ಕಳೆದಂತೆ ಅದು ಹಳದಿಯಾಗಿ ಉದುರುತ್ತದೆ, ಕಾಗದದ ಮೇಲೆ ಕಲೆ ಉಳಿಯುತ್ತದೆ. ಹಳೇ ಬೈಂಡಿಂಗ್‌ನವರ ದಾರಿಯೇ ಸರಿ. ಮೈದಾವನ್ನು ನೀರಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಗಂಜಿಯ ಹದಕ್ಕೆ ಕಾಯಿಸಬೇಕು. ಇಳಿಸುವ ಮುಂಚೆ ಚಿಟಿಕೆ ಮೈಲುತುತ್ತ ಹಾಕಬೇಕು. ಅದು ವಿಷ, ಹುಳ ಹತ್ತಿರ ಬರುವುದಿಲ್ಲ. ಅದಕ್ಕೇ ಈ ಕೆಲಸಕ್ಕೆ ಬೇರೆ ಪಾತ್ರೆ, ಮಕ್ಕಳು ಮನೆಗೆ ಹೋದ ಮೇಲೆಯೇ ಅಂಟು ಕಾಯಿಸುವುದು. ಹತ್ತಿ ಬಟ್ಟೆಯ ಪಟ್ಟಿಗೆ ಈ ಅಂಟು ಸವರಿ ಪುಸ್ತಕದ ಬೆನ್ನಿಗೆ ಎಳೆದು ಕೂರಿಸಿ, ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಗಟ್ಟಿಯಾಗಿರುತ್ತದೆ.

ಮಕ್ಕಳು ಗುಂಪುಗುಂಪಾಗಿ ಬರತೊಡಗಿದ್ದು ಕೊರೊನಾ ಕಾಲದಲ್ಲಿ. 2019ರಲ್ಲೇ ಹಳ್ಳಿ ಲೈಬ್ರರಿಗಳು ಗ್ರಂಥಾಲಯ ಇಲಾಖೆಯ ಕೈಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದಿದ್ದವು. 2020ರ ಮಕ್ಕಳ ದಿನಾಚರಣೆಗೆ, ಮಕ್ಕಳನ್ನು ಲೈಬ್ರರಿಗೆ ಕರೆತರುವ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. ಆರರಿಂದ ಹದಿನೆಂಟು ವರ್ಷದವರೆಗಿನವರಿಗೆ ಸದಸ್ಯತ್ವ ಪುಕ್ಕಟೆ. ಶಾಲೆಗೆ ಬೀಗ ಬಿದ್ದಿತ್ತು, ಮನೆಯಲ್ಲಿ ಒಂದೇ ಫೋನು, ಅದೂ ಅಪ್ಪನ ಜೇಬಲ್ಲಿ. ಪುಸ್ತಕ ಕೊಟ್ಟರೆ ಬೇಡ ಅನ್ನುವ ಮಗು ನನಗೆ ಸಿಗಲಿಲ್ಲ.

ಇನ್ನು ವೇಳೆ. ಯಾರಾದರೂ ನನ್ನನ್ನು ಕೇಳಿದರೆ ಮೊದಲು ಹೇಳುವುದು ಇದನ್ನೇ. ಸೋಮವಾರ ರಜೆ, ಭಾನುವಾರ ತೆರೆದಿರುತ್ತದೆ ಅನ್ನುವುದೇ ನಮ್ಮೂರಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಬಾಗಿಲ ಮೇಲೆ ದೊಡ್ಡದಾಗಿ ಬರೆಸಿದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಹತ್ತಿರ ಮಾತಾಡಿ ಬೆಳಗಿನ ಹೊತ್ತು ಹೆಚ್ಚಿಸಿಕೊಂಡೆ. ಯಾಕೆಂದರೆ ಹೆಣ್ಣುಮಕ್ಕಳು ಕತ್ತಲಾಗುವ ಮುಂಚೆ ಮನೆ ಸೇರಬೇಕು, ಸಂಜೆ ಮಾತ್ರ ತೆಗೆದರೆ ಅವರು ಬರುವ ಹಾಗೇ ಇಲ್ಲ. ಈಗ ಡಿಗ್ರಿ ಮುಗಿಸಿದ ಹುಡುಗಿಯರು ಬೆಳಿಗ್ಗೆಯೇ ಬಂದು ಕೂರುತ್ತಾರೆ. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪೊಲೀಸ್ ಕಾನ್‌ಸ್ಟೇಬಲ್, ಗ್ರಾಮ ಆಡಳಿತಾಧಿಕಾರಿ ಹುದ್ದೆ ಅಂತ ಒಬ್ಬೊಬ್ಬರದು ಒಂದೊಂದು ತಯಾರಿ.

ಇವರು ನಮ್ಮ ಪುಸ್ತಕ ಮುಟ್ಟುವುದೇ ಕಡಿಮೆ. ಗೈಡು, ನೋಟ್ಸು ಎಲ್ಲ ತಾವೇ ತರುತ್ತಾರೆ. ಅವರಿಗೆ ಬೇಕಿರುವುದು ಒಂದು ಕುರ್ಚಿ, ಒಂದು ಪ್ಲಗ್ಗು, ‘ಸ್ವಲ್ಪ ಹಿಟ್ಟು ಬೀಸಿಸಿಕೊಂಡು ಬಾ’ ಅಂತ ಯಾರೂ ಎಬ್ಬಿಸದ ನಾಲ್ಕು ತಾಸು. ಇದು ಗ್ರಂಥಾಲಯವೋ ಸ್ಟಡಿ ರೂಮೋ ಅಂತ ಮೂಗು ಮುರಿಯುವವರಿದ್ದಾರೆ. ಮುರಿಯಲಿ ಬಿಡಿ. ತಿಪಟೂರಲ್ಲೋ ತುಮಕೂರಲ್ಲೋ ದುಡ್ಡು ಕೊಟ್ಟು ಸ್ಟಡಿ ರೂಮು ಹಿಡಿಯುವ ತಾಕತ್ತು ಇವರ ಮನೆಗಳಿಗಿಲ್ಲ.

ಮಧ್ಯಾಹ್ನದ ಮೇಲೆ ಹೆಂಗಸರು ಬರುತ್ತಾರೆ. ‘ಅಕ್ಕ, ಗೃಹಲಕ್ಷ್ಮಿ ಎರಡು ಸಾವಿರ ಬಂತಾ ನೋಡಿ ಹೇಳಿ’ ಅಂತ ಒಬ್ಬರು, ಸೊಸೈಟಿ ಸಾಲದ ಕಾಗದ ಓದಿಸಿಕೊಳ್ಳಲು ಇನ್ನೊಬ್ಬರು. ಕಾಗದ ಓದಿ ಹೇಳುತ್ತೇನೆ, ಹೋಗುವಾಗ ಒಂದು ವಾರಪತ್ರಿಕೆ ಕೈಗಿಡುತ್ತೇನೆ.

ಕಂಪ್ಯೂಟರ್, ಟಿ.ವಿ. ನಮಗೂ ಬಂದಿವೆ. ಕರೆಂಟು ಇದ್ದಾಗ ಚೆನ್ನಾಗಿ ನಡೆಯುತ್ತವೆ.

ಮುಂದೇನು ಅನ್ನುವ ಚಿಂತೆ ನನಗೆ ಇರುವುದು ಓದುಗರ ಬಗ್ಗೆ ಅಲ್ಲ, ದುಡ್ಡಿನ ಬಗ್ಗೆ, ಕುರ್ಚಿಯಲ್ಲಿ ಕೂರುವವರ ಬಗ್ಗೆ. ನಾವು ಗೌರವಧನದ ಮೇಲೆ ಇರುವವರು. ನಾನು ಬಿಟ್ಟರೆ ಈ ಜಾಗಕ್ಕೆ ಯಾರು ಬರುತ್ತಾರೆ, ಬಂದವರು ಬೀರುವಿಗೆ ಮತ್ತೆ ಬಾಗಿಲು ಹಾಕಿಸುತ್ತಾರೋ ಏನೋ. ದುಡ್ಡಿಗೆ ಮಾತ್ರ ಕಾನೂನಿನಲ್ಲೇ ದಾರಿ ಇದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಾಗಿನಿಂದ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿದೆ. ಈಗ ಅದು ನೂರಕ್ಕೆ ಆರು. ವಸೂಲಾದ ಕರ ಲೈಬ್ರರಿ ತನಕ ಬಾರದೆ ಬಾಕಿ ಉಳಿಯುವುದು ಊರಿಂದ ನಗರದವರೆಗೂ ಇರುವ ಹಳೇ ಗೋಳು.

ಇದಕ್ಕೆ ನಾನು ಹಿಡಿದ ದಾರಿ ಸರಳ. ಮನೆ ಕಂದಾಯ ಕಟ್ಟಿ ಪೇಪರ್ ಓದಲು ಬಂದವರ ರಸೀದಿ ಇಸಿದುಕೊಂಡು, ಆರೋಗ್ಯ, ಶಿಕ್ಷಣ, ಭಿಕ್ಷುಕರ ಕರಗಳ ಸಾಲಲ್ಲಿ ‘ಗ್ರಂಥಾಲಯ’ ಅಂತ ಇರುವ ಕಡೆ ಬೆರಳಿಟ್ಟು ತೋರಿಸುತ್ತೇನೆ. ಕೊಬ್ಬರಿ ರೇಟಿನ ತಾತನೊಬ್ಬರು ಕನ್ನಡಕ ಏರಿಸಿ ನೋಡಿದರು. ‘ಅಲ್ಲ ಕಣಮ್ಮ, ಇಷ್ಟು ವರ್ಷ ನಾನು ದುಡ್ಡು ಕೊಟ್ಟೇ ಪೇಪರ್ ಓದ್ತಿದ್ದೀನಿ ಅನ್ನು’ ಅಂದರು. ಮುಂದಿನ ಗ್ರಾಮಸಭೆಯಲ್ಲಿ ನಾನು ಬಾಯಿ ತೆರೆಯುವ ಮುಂಚೆ ಅವರೇ ಎದ್ದು, ವರ್ಷಕ್ಕೆ ಎಷ್ಟು ವಸೂಲಾಯಿತು, ಲೈಬ್ರರಿಗೆ ಎಷ್ಟು ಹೋಯಿತು ಅಂತ ಕೇಳಿದರು. ಸಭೆಯಲ್ಲಿ ಲೆಕ್ಕ ಓದಿದರು. ಆ ಸಲದ ಕ್ರಿಯಾ ಯೋಜನೆಯಲ್ಲಿ ಎರಡು ಉದ್ದ ಮೇಜು, ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ ಸೇರಿದವು. ಮೇಜು ಬಂದಿವೆ. ಶೌಚಾಲಯದ ಗೋಡೆ ಎದ್ದಿದೆ, ಬಾಗಿಲು ಇನ್ನೂ ಕೂರಿಸಿಲ್ಲ. ಯುಪಿಎಸ್‌ಗೆ ಈ ವರ್ಷ ಅರ್ಜಿ ಕೊಟ್ಟಿದ್ದೇವೆ, ತಾತನ ಸಹಿಯೇ ಮೊದಲನೆಯದು.