ಬಿಟ್ಟು ಮತ್ತೆ ಹಿಡಿದವರಿಗೆ ಒಬ್ಬ ಸಂತ

ಕುಡಿತ ಬಿಡಲು ಹೊರಟಾಗ ನನಗೆ ಮೊದಲು ಸಿಕ್ಕಿದ್ದು ಡಬ್ಲಿನ್‌ನ ಮ್ಯಾಟ್ ಟಾಲ್ಬಟ್ ಕಥೆ. 1884ರಲ್ಲಿ, 28ನೇ ವಯಸ್ಸಿನಲ್ಲಿ, ಕುಡಿಯೋದಿಲ್ಲ ಅಂತ ಮಾತು ಕೊಟ್ಟವರು ಸಾಯುವವರೆಗೂ ಮುಟ್ಟಲಿಲ್ಲ. ದೊಡ್ಡ ಮನುಷ್ಯ. ಆದರೆ ಬಿಟ್ಟು ಮತ್ತೆ ಹಿಡಿದವರಿಗೆ ನಾನು ಹೇಳುವುದು ಚೀನಾದ ಸಂತ ಮಾರ್ಕ್ ಜಿ ತಿಯಾನ್‌ಶಿಯಾಂಗ್ ಅವರ ಕಥೆ.

ಅವರು ವೈದ್ಯರು. ಬಡವರಿಗೆ ದುಡ್ಡಿಲ್ಲದೆ ಔಷಧಿ ಕೊಡುತ್ತಿದ್ದರು. ಹೊಟ್ಟೆನೋವಿಗೆಂದು ತಾವೇ ತೆಗೆದುಕೊಂಡ ಅಫೀಮು ಅವರನ್ನು ಹಿಡಿದುಕೊಂಡಿತು. ಪಾಪನಿವೇದನೆಗೆ ಹೋಗಿ ಪ್ರತಿಸಲವೂ ಅದನ್ನೇ ಹೇಳುತ್ತಿದ್ದರು. ನಿಮಗೆ ಬಿಡುವ ಮನಸ್ಸೇ ಇಲ್ಲ ಎಂದುಕೊಂಡ ಗುರುಗಳು ಕೊನೆಗೆ ಕ್ಷಮೆ ಕೊಡಲಿಲ್ಲ. ಕ್ಷಮೆ ಸಿಗದ್ದರಿಂದ, ಪೂಜೆಯಲ್ಲಿ ಭಕ್ತರಿಗೆ ಕೊಡುವ ಪವಿತ್ರ ರೊಟ್ಟಿ, ಅಂದರೆ ಪರಮಪ್ರಸಾದ, ಸುಮಾರು 30 ವರ್ಷ ಅವರಿಗೆ ಸಿಗಲಿಲ್ಲ. ಆದರೂ ಚರ್ಚಿಗೆ ಹೋಗುವುದನ್ನು ಅವರು ನಿಲ್ಲಿಸಲಿಲ್ಲ.

ಓದುವಾಗ ಇಲ್ಲೇ ನಿಲ್ಲಿ, ಮುಂದೆ ಓಡಬೇಡಿ. ಒಂದು ಹಾಳೆಯಲ್ಲಿ ಬರೆಯಿರಿ: ಮತ್ತೆ ಕುಡಿದ ದಿನ ನಾನು ಯಾವ ಯಾವ ಜಾಗಕ್ಕೆ ಹೋಗೋದು ಬಿಡ್ತೀನಿ? ನನ್ನ ಪಟ್ಟಿಯಲ್ಲಿ ಭಾನುವಾರದ ಪೂಜೆ, ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರ ಗುಂಪು) ಸಭೆ, ಅಣ್ಣನ ಮನೆ ಇದ್ದವು. ನಾಚಿಕೆ ನಮ್ಮನ್ನು ದೂರ ಇಡುವುದು ಇಂಥ ಕಡೆಯಿಂದಲೇ ಅಲ್ವಾ? ಅದರಲ್ಲಿ ಒಂದನ್ನು ಆರಿಸಿ. ಎಡವಿದರೆ ಮರುದಿನವೇ ಅಲ್ಲಿಗೆ ಹೋಗುತ್ತೇನೆ ಅಂತ ಈಗಲೇ ಒಬ್ಬರಿಗೆ ಹೇಳಿಡಿ. ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತರೂ ಸಾಕು.

ಅಫೀಮಿನ ಚಟ ಬಿಡದೆಯೇ ಸಂತರಾದರು, ಹಾಗಾದರೆ ನನಗೂ ನಡೆಯುತ್ತೆ ಅಂತ ಮಾತ್ರ ಓದಬೇಡಿ. ಚಟ ಒಂದು ಕಾಯಿಲೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಈಗಿನ ಚಿಕಿತ್ಸೆಯೂ ಇರಲಿಲ್ಲ. ನಮಗೆ ಇದೆ. ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಪ್ರಾರ್ಥನೆ ಮಾಡಿ, ಮೊದಲು ಡಾಕ್ಟರನ್ನೂ ನೋಡಿ. ಎಲ್ಲಿಗೆ ಹೋಗಬೇಕು ತಿಳಿಯದಿದ್ದರೆ ಸರ್ಕಾರದ ಸಹಾಯವಾಣಿ 14446ಕ್ಕೆ ಫೋನ್ ಮಾಡಿ.

ಕೊನೆಯ ಭಾಗವನ್ನು ಮನೆಯವರ ಜೊತೆ ಓದಿ. 1900ರಲ್ಲಿ ಚೀನಾದಲ್ಲಿ ವಿದೇಶಿಯರ, ಕ್ರೈಸ್ತರ ವಿರುದ್ಧ ಎದ್ದ ಬಾಕ್ಸರ್ ದಂಗೆಯಲ್ಲಿ ಸಂತ ಮಾರ್ಕ್ ಅವರನ್ನೂ ಅವರ ಮಗ, ಸೊಸೆಯಂದಿರು, ಮೊಮ್ಮಕ್ಕಳನ್ನೂ ಹಿಡಿದರು. ಮನೆಯವರಲ್ಲಿ ಯಾರೂ ಒಂಟಿಯಾಗಿ ಸಾಯಬಾರದು, ನನ್ನನ್ನು ಕೊನೆಗೆ ಕೊಲ್ಲಿ ಅಂತ ಅವರು ಬೇಡಿಕೊಂಡರು. ಓದಿದ ಮೇಲೆ ಹೆಂಡತಿಯನ್ನೋ ಅಮ್ಮನನ್ನೋ ಕೇಳಿ: ಈ ವಾರ ನಾನು ಯಾವ ಹೊತ್ತಿನಲ್ಲಿ ನಿನ್ನ ಜೊತೆ ಇರಬೇಕು? ಅವರು ಹೇಳಿದ ಹೊತ್ತನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.