ನಾರಿನ ಪುಡಿ ಮೇಲೆ ನಾಲ್ಕು ಸಾವಿರ ಕೋಳಿ

ತಿಪಟೂರು ಕಡೆ ತೆಂಗಿನ ನಾರಿನ ಫ್ಯಾಕ್ಟರಿಗಳ ಹಿಂದೆ ಪುಡಿ ಗುಡ್ಡೆ ಗುಡ್ಡೆ ಬಿದ್ದಿರುತ್ತದೆ. ಅದನ್ನೇ ಬ್ರಾಯ್ಲರ್ ಕೋಳಿ ಶೆಡ್ಡಿನ ನೆಲಕ್ಕೆ ಹಾಸುತ್ತೇನೆ ಅಂದಾಗ ಮರಿ, ಮೇವು ಕೊಡುವ ಕಂಪನಿಯ ಸೂಪರ್‌ವೈಸರ್ ನಕ್ಕುಬಿಟ್ಟ. "ಸುಮ್ನೆ ಭತ್ತದ ಹೊಟ್ಟು ಹಾಕಣ್ಣ, ಯಾಕೆ ರಿಸ್ಕು?" ಹೊಟ್ಟೇ ಹಾಕುತ್ತಿದ್ದೆ. ಇಟ್ಟಿಗೆ ಗೂಡಿನವರೂ ಅದನ್ನೇ ಕೊಳ್ಳುತ್ತಾರೆ, ರೇಟು ಏರಿ ಬ್ಯಾಚಿಗೆ ಹತ್ತಿರ ಹತ್ತಿರ 15 ಸಾವಿರ ಬೀಳುತ್ತಿತ್ತು.

ಮೊದಲ ಸಲ ಅವನು ನಕ್ಕಿದ್ದೇ ಸರಿಯಾಯಿತು. ಮಳೆಗಾಲದಲ್ಲಿ ಗುಡ್ಡೆಯಿಂದ ನೇರ ಟ್ರ್ಯಾಕ್ಟರಿಗೆ ತುಂಬಿಸಿ ತಂದು ಮೂರಿಂಚು ಹಾಸಿದೆ. ಮೂರನೇ ವಾರಕ್ಕೆ, ಕೋಳಿ ನೀರು ಕುಡಿಯುವ ನಿಪ್ಪಲ್ ಸಾಲಿನ ಕೆಳಗೆ ಹಾಸು ರೊಟ್ಟಿ ಕಟ್ಟಿತು. ಬೆಳಿಗ್ಗೆ ಗಾಳಿಗೆಂದು ಶೆಡ್ಡಿನ ಪರದೆ ಇಳಿಸಿದರೆ ಕಣ್ಣು ಉರಿಯುವಷ್ಟು ಅಮೋನಿಯ. ಕೋಳಿ ಎತ್ತಿ ನೋಡಿದರೆ ಅಂಗಾಲಲ್ಲಿ ಕಪ್ಪು ಹುಣ್ಣು. ಆಮೇಲೆ ಕಾಕ್ಸಿ ಅನ್ನುವ ಕರುಳಿನ ರೋಗ, ಹಿಕ್ಕೆಯಲ್ಲಿ ರಕ್ತ. 350ರಷ್ಟು ಹೋದವು. ಉಳಿದವು 40 ದಿನಕ್ಕೆ 1.7 ಕೆಜಿ ಬಂದರೆ ಹೆಚ್ಚು. ಕಂಪನಿ ಕೊಡುವ ಸಾಕಾಣಿಕೆ ಹಣದಲ್ಲಿ ಕರೆಂಟು, ಇದ್ದಿಲು, ಕೂಲಿ ಕಳೆದರೆ ಕೈಗೆ ಸೊನ್ನೆ.

ಹಠಕ್ಕೆ ಮುಂದಿನ ಬ್ಯಾಚಿಗೆ ಶಿರಾ ಕಡೆಯಿಂದ ಕಡಲೆಕಾಯಿ ಸಿಪ್ಪೆ ತರಿಸಿದೆ. ಅಗ್ಗ ನಿಜ, ಆದರೆ ಚೀಲದ ತಳದಲ್ಲಿದ್ದ ಬೂಷ್ಟು ನೋಡಲಿಲ್ಲ. ಮೊದಲ ವಾರದಲ್ಲೇ ಮರಿಗಳು ಬಾಯಿ ತೆರೆದು ಉಸಿರೆಳೆಯತೊಡಗಿದವು. ಡಾಕ್ಟರು ಕೊಯ್ದು ತೋರಿಸಿದರು, ಶ್ವಾಸಕೋಶದ ತುಂಬ ನವಣೆ ಕಾಳಿನಂಥ ಬಿಳಿ ಗಂಟು. ಆ ಸಿಪ್ಪೆಯನ್ನು ಸುಟ್ಟೆ.

ಮತ್ತೆ ಪುಡಿಗೇ ಬಂದೆ. ಈ ಸಲ ಟಾರ್ಪಾಲಿನ ಮೇಲೆ ಎಂಟ್ಹತ್ತು ದಿನ ಬಿಸಿಲಿಗೆ ಹಾಕಿ ತಿರುವಿದೆ. ಜರಡಿ ಹಿಡಿದು ನಾರು ತೆಗೆದೆ. ಹಿಂದೆ ಸತ್ತ ಒಂದು ಮರಿಯ ಗಂಟಲ ಚೀಲದಲ್ಲಿ ನಾರು ಉಂಡೆಯಾಗಿ ಕೂತಿದ್ದನ್ನು ನಾನೇ ನೋಡಿದ್ದೆ. ಕೆಳಗೆ ಪುಡಿ ಒಂದೂವರೆ ಇಂಚು, ಮೇಲೆ ಹೊಟ್ಟು ಒಂದಿಂಚು. ಪುಡಿ ನೀರು ಕುಡಿಯುತ್ತದೆ, ಹೊಟ್ಟು ಕಾಲು ಒಣಗಿಸಿಡುತ್ತದೆ. ಮೊದಲೆರಡು ದಿನ ಮೇಲೆ ಪೇಪರ್. ಹತ್ತನೇ ದಿನದಿಂದ ಮಧ್ಯಾಹ್ನ ಪರದೆ ಇಳಿಸಿಯೇ ಕೆದಕುತ್ತೇನೆ. ಹಿಡಿ ತುಂಬ ಹಿಚುಕಿ ಕೈ ಬಿಡಿಸಿದರೆ ಮೆಲ್ಲಗೆ ಉದುರಬೇಕು, ಉಂಡೆಯಾಗಿ ನಿಂತರೆ ನಿಪ್ಪಲ್ ಸೋರುತ್ತಿದೆ ಅಂತಲೇ ಲೆಕ್ಕ. ಮರಿ ಬರುವ ಮುಂಚೆ ನೆಲಕ್ಕೆ ಸುಣ್ಣದ ಜೊತೆ ಇನ್ನೊಂದು ಸಾಮಾನು ಬೆರೆಸುತ್ತೇನೆ, ಅದು ಮಾತ್ರ ನನ್ನ ಹತ್ತಿರವೇ ಇರಲಿ!

ಒಂದು ಮೂಲೆಯಲ್ಲಿ ಕತ್ತರಿಸಿದ ರಾಗಿ ಹುಲ್ಲನ್ನೂ ಹಾಕಿ ನೋಡಿದೆ. ಹತ್ತೇ ದಿನಕ್ಕೆ ಚಾಪೆಯಾಯಿತು.

ಹೋದ ಬ್ಯಾಚು 38 ದಿನಕ್ಕೆ 2.1 ಕೆಜಿ, ಎಫ್‌ಸಿಆರ್ (ಒಂದು ಕೆಜಿ ತೂಕಕ್ಕೆ ತಿಂದ ಮೇವು) 1.6ರ ಆಸುಪಾಸು, ಸತ್ತಿದ್ದು 120 ಇರಬೇಕು. ಸೂಪರ್‌ವೈಸರ್ ತಕ್ಕಡಿಯನ್ನೇ ಅನುಮಾನಿಸಿ ಮೂರು ಸಲ ತೂಗಿಸಿದ. ಹಾಸಿನ ಖರ್ಚು ಬಾಡಿಗೆ, ಕೂಲಿ ಸೇರಿ 8 ಸಾವಿರ ದಾಟಲಿಲ್ಲ. ಗೊಬ್ಬರವನ್ನು ಅಡಿಕೆ ತೋಟದವರು ಮುಂಗಡ ಕೊಟ್ಟು ಒಯ್ದರು. ಈಗ ಊರಿನ ಇನ್ನಿಬ್ಬರು ಪುಡಿ ತುಂಬಿಸುತ್ತಿದ್ದಾರೆ. ಇಷ್ಟು ದಿನ "ತಗೊಂಡು ಹೋದ್ರೆ ಸಾಕು" ಅನ್ನುತ್ತಿದ್ದ ಫ್ಯಾಕ್ಟರಿಯವನು ಮೊನ್ನೆಯಿಂದ ಲೋಡಿಗೆ ದುಡ್ಡು ಕೇಳುತ್ತಿದ್ದಾನೆ.